ಮನೆಶಿಕ್ಷಣ, ಆಟದ ಕಲಿಕೆ, ಮಾಮೂಲಿ ಶಾಲೆ: ಯಾವುದನ್ನು ಯಾವಾಗ ಆರಿಸಬೇಕು?

ಮಗುವಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಅನೇಕ ಪೋಷಕರು ಮೂರು ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಲು ತೊಡಗುತ್ತಾರೆ: ಎಲ್ಲರಂತೆ ಶಾಲೆಗೆ ಸೇರಿಸುವುದು, ಮನೆಯಲ್ಲಿಯೇ ಕಲಿಸುವುದು, ಆಟದ ಮೂಲಕ ಕಲಿಸುವ ಕೇಂದ್ರಕ್ಕೆ ಕಳುಹಿಸುವುದು. ಈ ಹೋಲಿಕೆ ಆರಂಭದಲ್ಲಿಯೇ ಎಡವುತ್ತದೆ, ಏಕೆಂದರೆ ಈ ಮೂರೂ ಒಂದೇ ಪ್ರಶ್ನೆಗೆ ಸಿಗುವ ಉತ್ತರಗಳಲ್ಲ. ಮನೆಶಿಕ್ಷಣವು ಕಲಿಕೆಯ ಹೊಣೆಯನ್ನು ಯಾರು ಹೊರುತ್ತಾರೆ ಎಂಬುದಕ್ಕೆ ಸಂಬಂಧಿಸಿದ್ದು. ಆಟದ ಕಲಿಕೆಯು ಮಗು ಯಾವ ರೀತಿಯಲ್ಲಿ ಕಲಿಯುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು. ಶಾಲೆ ಬೇಡವೆಂದು ನಿರ್ಧರಿಸಿ, ಮನೆಯ ಗೋಡೆಗೆ ಕಪ್ಪುಹಲಗೆ ತೂಗುಹಾಕಿ, ಬೆಳಿಗ್ಗೆ ಒಂಬತ್ತರಿಂದ ಗಂಟೆಗೊಂದು ವಿಷಯದಂತೆ ಪಾಠ ಒಪ್ಪಿಸಿಕೊಳ್ಳುವ ತಂದೆತಾಯಿಗಳಿದ್ದಾರೆ. ಅತ್ಯಂತ ಸಾಧಾರಣವಾದ ಶಾಲೆಯಲ್ಲಿಯೂ ಕಲ್ಲು, ಕಡ್ಡಿ, ಮರಳು ಕೊಟ್ಟು ಮಕ್ಕಳಿಂದಲೇ ಲೆಕ್ಕ ಹೊರಡಿಸುವ ಶಿಕ್ಷಕಿಯರೂ ಇದ್ದಾರೆ. ಆದ್ದರಿಂದ ಹೊಣೆಯ ಪ್ರಶ್ನೆಯನ್ನೂ ರೀತಿಯ ಪ್ರಶ್ನೆಯನ್ನೂ ಬೇರೆಬೇರೆಯಾಗಿ ಕೇಳಿಕೊಂಡು, ಆಮೇಲೆ ಜೋಡಿಸುವುದು ಒಳ್ಳೆಯದು. ಮಗು ಚಿಕ್ಕದಿರುವಾಗ ರೀತಿಯ ಪ್ರಶ್ನೆ ಮುಖ್ಯ. ಮಗು ಬೆಳೆದಂತೆ ಹೊಣೆಯ ಪ್ರಶ್ನೆಯೇ ಭಾರವಾಗುತ್ತ ಹೋಗುತ್ತದೆ.

ಆಟವೆಂದರೆ ಯಾವ ಆಟ

ಆಟದ ಮೂಲಕ ಕಲಿಸುವುದು ಇತ್ತೀಚಿನ ಫ್ಯಾಶನ್ ಎಂದು ಭಾವಿಸುವವರು ಬಹಳ. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ಅವರು ಬಾಡ್ ಬ್ಲಾಂಕೆನ್‌ಬುರ್ಗ್ ಎಂಬಲ್ಲಿ ಚಿಕ್ಕ ಮಕ್ಕಳಿಗಾಗಿ ಕೇಂದ್ರವೊಂದನ್ನು ತೆರೆದದ್ದು 1837ರಲ್ಲಿ. ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರು ಬಂದದ್ದು 1840ರಲ್ಲಿ. ಅಲ್ಲಿ ಮಕ್ಕಳ ಕೈಗೆ ಸಿಗುತ್ತಿದ್ದದ್ದು ನೂಲಿನ ಚೆಂಡು, ಮರದ ಗೋಲ, ಘನ, ಸಿಲಿಂಡರು. ಜೊತೆಗೆ ಹಾಡು ಮತ್ತು ಕೈತೋಟ. ಆಗಿನ ಜರ್ಮನ್ ರಾಜ್ಯಗಳಲ್ಲೊಂದಾದ ಪ್ರಷ್ಯಾದ ಸರ್ಕಾರಕ್ಕೆ ಇದೂ ಅಪಾಯಕಾರಿಯಾಗಿ ಕಂಡು, 1851ರಲ್ಲಿ ಇಂಥ ಕೇಂದ್ರಗಳನ್ನು ನಿಷೇಧಿಸಿ 1860ರವರೆಗೆ ಆ ನಿಷೇಧವನ್ನು ಉಳಿಸಿಕೊಂಡಿತ್ತು. ಇಂದು ಅದೇ ಹೆಸರಿನ ಎಷ್ಟೋ ತರಗತಿಗಳಲ್ಲಿ ನಾಲ್ಕು ವರ್ಷದ ಮಕ್ಕಳು ಗೆರೆಯೊಳಗೆ ಅಕ್ಷರ ತಿದ್ದುತ್ತ ಕೂರುವುದನ್ನು ನೋಡಿದರೆ ಯಾವ ನಿಷೇಧವೂ ಬೇಕಿರಲಿಲ್ಲ ಎನಿಸುತ್ತದೆ. 1907ರ ಜನವರಿಯಲ್ಲಿ ರೋಮ್‌ನ ಸಾನ್ ಲೊರೆಂಜೊ ಬಡಾವಣೆಯಲ್ಲಿ ಮೊದಲ ಮಕ್ಕಳಮನೆಯನ್ನು ಆರಂಭಿಸಿದ ಮರಿಯಾ ಮಾಂಟೆಸರಿ ಅವರು ಮಕ್ಕಳ ಚಟುವಟಿಕೆಯನ್ನು ಆಟವೆನ್ನದೆ ಕೆಲಸವೆಂದೇ ಕರೆದರು. ಹೀಗಾಗಿ ಮಾಂಟೆಸರಿ ಶಾಲೆಯನ್ನು ನೋಡಲು ಹೋದವರು ಅಲ್ಲಿ ಗದ್ದಲದ ಆಟ ಕಾಣದಿದ್ದರೆ ಮೋಸಹೋದೆವೆಂದು ತಿಳಿಯಬೇಕಿಲ್ಲ.

ವ್ಯವಹಾರದಲ್ಲಿ ಆಟದ ಕಲಿಕೆ ಎಂಬ ಒಂದೇ ಫಲಕದಡಿ ಮೂರು ಬೇರೆಬೇರೆ ಸಂಗತಿಗಳು ಮಾರಾಟವಾಗುತ್ತವೆ. ಒಂದನೆಯದು ಸ್ವಚ್ಛಂದ ಆಟ: ಏನು ಆಡಬೇಕು, ಯಾರೊಂದಿಗೆ ಆಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದೆಲ್ಲ ಮಗುವಿನ ಇಷ್ಟ. ಎರಡನೆಯದು ಮಾರ್ಗದರ್ಶಿತ ಆಟ: ಒಂದು ಕಲಿಕೆಯ ಗುರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ದೊಡ್ಡವರು ಸಾಮಗ್ರಿ ಜೋಡಿಸುತ್ತಾರೆ, ನಡುವೆ ಒಂದೆರಡು ಪ್ರಶ್ನೆ ಕೇಳುತ್ತಾರೆ, ಆದರೆ ಆಟವನ್ನು ನಡೆಸುವುದು ಮಗುವೇ. ಮೂರನೆಯದು ಆಟದ ವೇಷ ತೊಟ್ಟ ಪಾಠ: ಬಣ್ಣದ ಚಿತ್ರಗಳುಳ್ಳ ಅಭ್ಯಾಸದ ಹಾಳೆ, ಸರಿ ಉತ್ತರಕ್ಕೆ ಚಪ್ಪಾಳೆ ತಟ್ಟುವ ಮೊಬೈಲ್ ಆ್ಯಪ್, ಎಲ್ಲರೂ ಒಟ್ಟಿಗೆ ಒಂದೇ ಹೂವಿಗೆ ಒಂದೇ ಬಣ್ಣ ತುಂಬುವ ಕ್ರಾಫ್ಟ್ ತರಗತಿ. ಈ ಮೂರನೆಯದರಿಂದ ಹಾನಿಯಿಲ್ಲದಿರಬಹುದು, ಆದರೆ ಅದಕ್ಕೆ ಆಟದ ಹೆಸರು ಸಲ್ಲದು.

ಸಂಶೋಧನೆಯ ಬೆಂಬಲ ಹೆಚ್ಚಾಗಿ ಇರುವುದು ಎರಡನೆಯದಕ್ಕೆ. ಇದಕ್ಕೆ ನಾನು ಮತ್ತೆ ಮತ್ತೆ ನೆನೆಯುವ ಉದಾಹರಣೆ ಅಮೆರಿಕದ ಮನೋವಿಜ್ಞಾನಿಗಳಾದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಅವರು 2008ರಲ್ಲಿ ಪ್ರಕಟಿಸಿದ ಪ್ರಯೋಗ. ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳಿಗೆ ಅವರು ಒಂದು ಸರಳ ಹಲಗೆಯಾಟ ಕೊಟ್ಟರು. ಹಲಗೆಯ ಮೇಲೆ 1ರಿಂದ 10ರವರೆಗಿನ ಮನೆಗಳು ಒಂದೇ ಸಾಲಿನಲ್ಲಿದ್ದವು. ಕಾಯಿಯನ್ನು ನಡೆಸುವಾಗ ಮಗು ಪ್ರತಿ ಮನೆಯ ಅಂಕಿಯನ್ನು ಬಾಯಿಬಿಟ್ಟು ಹೇಳಬೇಕಿತ್ತು. ಎರಡು ವಾರಗಳೊಳಗೆ ಹದಿನೈದು ನಿಮಿಷದ ನಾಲ್ಕು ಅವಧಿಗಳಷ್ಟೇ ಆಡಿದ ಮಕ್ಕಳಲ್ಲಿ ಸಂಖ್ಯೆಗಳ ಹಿರಿಕಿರಿದಿನ ಅಂದಾಜು ಗಮನಾರ್ಹವಾಗಿ ಸುಧಾರಿಸಿತು. ಅಂಕಿಯ ಬದಲು ಬರೀ ಬಣ್ಣದ ಮನೆಗಳಿದ್ದ ಹಲಗೆಯಲ್ಲಿ ಅಷ್ಟೇ ಹೊತ್ತು ಆಡಿದ ಮಕ್ಕಳಲ್ಲಿ ಆ ಸುಧಾರಣೆ ಕಾಣಲಿಲ್ಲ. 2014ರಲ್ಲಿ ಎಲೈಡಾ ಲಾಸ್ಕಿ ಅವರೊಂದಿಗೆ ಸೇರಿ ಸೀಗ್ಲರ್ ನಡೆಸಿದ ಅಧ್ಯಯನ ಇನ್ನೂ ಸೂಕ್ಷ್ಮವಾದದ್ದು. 100ರವರೆಗಿನ ಹಲಗೆಯಲ್ಲಿ ಕಾಯಿ ನಡೆಸುವಾಗ ‘ಒಂದು, ಎರಡು’ ಎಂದು ಎಣಿಸುವ ಬದಲು, ನಿಂತ ಮನೆಯಿಂದ ಮುಂದಕ್ಕೆ ‘ನಲವತ್ತಾರು, ನಲವತ್ತೇಳು’ ಎಂದು ಹೇಳಿಕೊಂಡು ಹೋದ ಮಕ್ಕಳೇ ಹೆಚ್ಚು ಕಲಿತರು. ಹಲಗೆ ಅದೇ, ಕಾಯಿ ಅದೇ. ಪಕ್ಕದಲ್ಲಿ ಕುಳಿತ ದೊಡ್ಡವರು ಹೇಗೆ ಆಡಿಸಿದರು ಎಂಬುದರಲ್ಲಿ ಫಲಿತಾಂಶ ಅಡಗಿತ್ತು. ಮನೆಯಲ್ಲಿ ಕಲಿಸುವವರಿಗೂ ಶಾಲೆಯಲ್ಲಿ ಕಲಿಸುವವರಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ.

ಹಾಗೆಂದು ಆಟಕ್ಕೆ ಇಲ್ಲದ ಶಕ್ತಿಯನ್ನು ಆರೋಪಿಸುವುದೂ ಸರಿಯಲ್ಲ. 2013ರಲ್ಲಿ ಏಂಜೆಲಿನ್ ಲಿಲ್ಲಾರ್ಡ್ ಮತ್ತು ಸಂಗಡಿಗರು ಮಕ್ಕಳ ನಟನೆಯ ಆಟಗಳನ್ನು ಕುರಿತ ಸಂಶೋಧನೆಗಳನ್ನು ಪರಿಶೀಲಿಸಿ, ಅಂಥ ಆಟದಿಂದಲೇ ಬುದ್ಧಿ ಅಥವಾ ಸೃಜನಶೀಲತೆ ಬೆಳೆಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲವೆಂದು ತೋರಿಸಿದರು. 2022ರಲ್ಲಿ ಪ್ರಕಟವಾದ, ಎಂಟು ವರ್ಷದವರೆಗಿನ ಮಕ್ಕಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರಲ್ಲಿ ಮಾರ್ಗದರ್ಶಿತ ಆಟವು ಆರಂಭಿಕ ಗಣಿತ, ಆಕೃತಿಗಳ ಜ್ಞಾನ, ಒಂದು ಕೆಲಸದಿಂದ ಇನ್ನೊಂದಕ್ಕೆ ಗಮನ ಹೊರಳಿಸುವ ಸಾಮರ್ಥ್ಯ, ಇವುಗಳಲ್ಲಿ ನೇರ ಪಾಠಕ್ಕಿಂತ ಮುಂದಿತ್ತು. ಉಳಿದ ಅನೇಕ ವಿಷಯಗಳಲ್ಲಿ ಎರಡರ ನಡುವೆ ಸ್ಪಷ್ಟವಾದ ವ್ಯತ್ಯಾಸ ಕಂಡುಬರಲಿಲ್ಲ. ಆಟಕ್ಕೆ ಬೇರೆ ಸಮರ್ಥನೆಯೂ ಇದೆ ಎಂಬುದನ್ನು ಮರೆಯಬಾರದು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಮಗುವಿನ ಹಕ್ಕೆಂದೇ ಗುರುತಿಸುತ್ತದೆ. ಅಂಕ ಹೆಚ್ಚಿಸಿದರೆ ಮಾತ್ರ ಆಟಕ್ಕೆ ಅವಕಾಶ ಎಂಬ ನಿಲುವು ಆ ವಿಧಿಗೆ ಒಪ್ಪುವಂಥದ್ದಲ್ಲ.

ಪೋಷಕರ ಆತಂಕ ಹೆಚ್ಚಾಗಿ ಓದಿನ ಸುತ್ತ ಸುತ್ತುತ್ತದೆ: ನೆರೆಮನೆಯ ಮಗು ಐದಕ್ಕೇ ಓದುತ್ತಿರುವಾಗ ನಮ್ಮದು ಇನ್ನೂ ಮಣ್ಣಿನಲ್ಲಿ ಆಡುತ್ತಿದೆಯಲ್ಲ ಎಂದು. ಸೆಬಾಸ್ಟಿಯನ್ ಸುಗೇಟ್ ಮತ್ತು ಸಂಗಡಿಗರು ನ್ಯೂಜಿಲೆಂಡ್‌ನಲ್ಲಿ ಐದನೆಯ ವಯಸ್ಸಿಗೆ ಓದು ಆರಂಭಿಸಿದ ಮಕ್ಕಳನ್ನೂ ಏಳಕ್ಕೆ ಆರಂಭಿಸಿದ ಮಕ್ಕಳನ್ನೂ ಹೋಲಿಸಿದಾಗ, ಹನ್ನೊಂದರ ಹೊತ್ತಿಗೆ ಓದಿನ ಸಾಮರ್ಥ್ಯದಲ್ಲಿ ಆರಂಭದ ಅಂತರ ಉಳಿದಿರಲಿಲ್ಲ. ಫಿನ್ಲೆಂಡ್‌ನಲ್ಲಿ ಮಕ್ಕಳು ಒಂದನೆಯ ತರಗತಿಗೆ ಸೇರುವುದು ಏಳನೆಯ ವಯಸ್ಸಿಗೆ. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ತಡವಾಗಿ ಆರಂಭಿಸಿದ ಈ ಮಕ್ಕಳು ಅದುವರೆಗೆ ಸುಮ್ಮನೆ ಇದ್ದವರಲ್ಲ. ಕಥೆ, ಹಾಡು, ಮಾತು ಅವರ ಸುತ್ತ ಸಮೃದ್ಧವಾಗಿತ್ತು. ಏಳು ದಾಟಿಯೂ ಅಕ್ಷರಕ್ಕೂ ಧ್ವನಿಗೂ ನಂಟು ಹಿಡಿಯಲಾಗದ ಮಗುವಿನ ವಿಷಯದಲ್ಲಿ ‘ತಾನೇ ಕಲಿಯುತ್ತದೆ ಬಿಡಿ’ ಎಂದು ಕಾಯುವುದು ತಪ್ಪಾಗುತ್ತದೆ. ಡಿಸ್ಲೆಕ್ಸಿಯಾ, ಅಂದರೆ ಓದುಬರಹ ಕಲಿಯುವುದರಲ್ಲಿ ವಿಶೇಷ ತೊಡಕು, ಇರುವ ಮಗುವಿಗೆ ಬೇಕಾಗುವುದು ಕ್ರಮಬದ್ಧವಾದ, ನೇರವಾದ ಕಲಿಸುವಿಕೆ, ಅದೂ ಬೇಗನೆ. ಆಟ ಅದರ ಸ್ಥಾನ ತುಂಬುವುದಿಲ್ಲ.

ಆಟದ ಕೇಂದ್ರವೊಂದನ್ನು ಆರಿಸುವ ಮುನ್ನ ಅಲ್ಲಿ ಒಂದು ಮುಂಜಾನೆ ಸುಮ್ಮನೆ ಕುಳಿತು ನೋಡುವುದಕ್ಕೆ ಅನುಮತಿ ಕೇಳಬೇಕು. ಗೋಡೆಯ ಮೇಲಿನ ಚಿತ್ರಗಳೆಲ್ಲ ಒಂದೇ ಅಚ್ಚಿನಲ್ಲಿದ್ದರೆ ಅಲ್ಲಿ ಮಕ್ಕಳ ಇಷ್ಟಕ್ಕೆ ಎಡೆ ಕಡಿಮೆ. ಆಟಕ್ಕೆ ಬಿಡುವ ಸಮಯ ತುಂಡುತುಂಡಾಗಿ ಇಪ್ಪತ್ತು ನಿಮಿಷಗಳಷ್ಟೇ ಆಗಿದ್ದರೆ, ಮಗು ಕಟ್ಟಡ ಕಟ್ಟಿ ಮುಗಿಸುವುದರೊಳಗೆ ಗಂಟೆ ಬಾರಿಸಿರುತ್ತದೆ. ಮುಕ್ಕಾಲು ಗಂಟೆಯಾದರೂ ಅಡ್ಡಿಯಿಲ್ಲದೆ ಸಿಗುವ ಕಡೆ ಆಟ ಆಳಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಶಿಕ್ಷಕಿಯ ಮಾತನ್ನು ಕೇಳಿಸಿಕೊಳ್ಳಬೇಕು. ‘ಇದು ಯಾವ ಬಣ್ಣ?’ ಎಂಬ ಪರೀಕ್ಷೆಯ ಪ್ರಶ್ನೆಗಳೇ ಕೇಳಿಬರುತ್ತಿವೆಯೇ, ಇಲ್ಲವೇ ‘ಈ ಸೇತುವೆ ಯಾಕೆ ಬಿತ್ತು ಅನ್ನಿಸುತ್ತೆ ನಿನಗೆ?’ ಎಂಬಂಥ ಪ್ರಶ್ನೆಗಳೂ ಇವೆಯೇ? ಕೊನೆಗೆ, ಒಂದು ಮಗುವನ್ನು ತೋರಿಸಿ, ಕಳೆದ ತಿಂಗಳಿಗಿಂತ ಇದು ಏನು ಹೊಸದಾಗಿ ಕಲಿತಿದೆ ಎಂದು ಕೇಳಿದರೆ ನಿರ್ದಿಷ್ಟವಾದ ಉತ್ತರ ಬರಬೇಕು. ‘ಮಕ್ಕಳು ಖುಷಿಯಾಗಿದ್ದಾರೆ’ ಎಂಬಷ್ಟೇ ಉತ್ತರ ಬಂದರೆ ಅಲ್ಲಿ ಯಾರೂ ಗಮನಿಸುತ್ತಿಲ್ಲವೆಂದು ತಿಳಿಯಬಹುದು.

ಮನೆಶಿಕ್ಷಣದ ಹೊಣೆ

ಮನೆಶಿಕ್ಷಣದ ಬಗ್ಗೆ ಯೋಚಿಸುವವರು ಮಗುವಿನ ಸ್ವಭಾವವನ್ನು ಕುರಿತು ಬಹಳ ಚರ್ಚಿಸುತ್ತಾರೆ, ತಮ್ಮ ದಿನಚರಿಯನ್ನು ಕುರಿತು ಕಡಿಮೆ. ನನ್ನ ಅಭಿಪ್ರಾಯದಲ್ಲಿ ನಿರ್ಣಾಯಕವಾದದ್ದು ಎರಡನೆಯದೇ. ಒಬ್ಬಿಬ್ಬರು ಚಿಕ್ಕ ಮಕ್ಕಳಿಗೆ ನೇರವಾಗಿ ಪಾಠ ಹೇಳಲು ಇಡೀ ಶಾಲಾ ದಿನ ಬೇಕಿಲ್ಲ ಎಂಬುದು ನಿಜ. ಹಾಜರಿ, ಸಾಲು, ಇತರರಿಗಾಗಿ ಕಾಯುವುದು, ತರಗತಿಯ ಗದ್ದಲ ತಣಿಸುವುದು ಇವೆಲ್ಲ ಇಲ್ಲದಿರುವುದರಿಂದ ಕೆಲಸ ಬೇಗ ಮುಗಿಯುತ್ತದೆ. ಆದರೆ ಪಾಠ ಮುಗಿದ ಮೇಲೂ ಮಗು ಮನೆಯಲ್ಲಿಯೇ ಇರುತ್ತದೆ. ಪಾಠದ ತಯಾರಿ, ಪುಸ್ತಕಗಳ ಹುಡುಕಾಟ, ಜೊತೆಗಾರರನ್ನು ಹೊಂದಿಸುವುದು, ದಾಖಲೆ ಬರೆದಿಡುವುದು, ಇವೆಲ್ಲ ಸೇರಿ ಒಬ್ಬ ದೊಡ್ಡವರ ಉದ್ಯೋಗದ ಬಹುಭಾಗವನ್ನು ನುಂಗುತ್ತವೆ. ಆ ಒಬ್ಬರು ಬಹುಮಟ್ಟಿಗೆ ತಾಯಿಯೇ ಆಗಿರುತ್ತಾಳೆ. ನಿರ್ಧಾರ ಇಬ್ಬರದು, ದುಡಿಮೆ ಒಬ್ಬಳದು ಎಂಬ ಏರ್ಪಾಡಿನಲ್ಲಿ ಆರಂಭವಾದ ಮನೆಶಿಕ್ಷಣ ಬಹುಕಾಲ ಬಾಳುವುದು ಕಷ್ಟ. ಆದ್ದರಿಂದ ಪಠ್ಯಕ್ರಮದ ಆಯ್ಕೆಗೆ ಮೊದಲು ವಾರದ ಪ್ರತಿ ದಿನದ ಪ್ರತಿ ಹೊತ್ತು ಮಗುವಿನೊಂದಿಗೆ ಯಾರಿರುತ್ತಾರೆ, ಆ ವ್ಯಕ್ತಿ ಕಾಯಿಲೆ ಬಿದ್ದರೆ ಯಾರು, ಕೈಬಿಟ್ಟ ಸಂಬಳ ಮತ್ತು ವೃತ್ತಿಯ ನಷ್ಟವನ್ನು ಹೇಗೆ ಹಂಚಿಕೊಳ್ಳುತ್ತೇವೆ ಎಂಬುದನ್ನು ಕಾಗದದ ಮೇಲೆ ಬರೆದು ನೋಡಬೇಕು.

ಮನೆಶಿಕ್ಷಣದಲ್ಲಿಯೂ ಬಗೆಗಳಿವೆ. ಸಿಲೆಬಸ್ ಹಿಡಿದು ಶಾಲೆಯನ್ನೇ ಮನೆಗೆ ತರುವವರು ಒಂದು ಕಡೆ. ಇನ್ನೊಂದು ಕಡೆ ಅನ್‌ಸ್ಕೂಲಿಂಗ್ ಪಂಥದವರು. ಅಮೆರಿಕದ ಜಾನ್ ಹೋಲ್ಟ್ ಅವರು 1970ರ ದಶಕದಲ್ಲಿ ಬಳಕೆಗೆ ತಂದ ಈ ಪದ್ಧತಿಯಲ್ಲಿ ಮಗುವಿನ ಕುತೂಹಲವೇ ಪಠ್ಯಕ್ರಮ. ಹೋಲ್ಟ್ ಅವರು 1977ರಲ್ಲಿ ಇಂಥ ಕುಟುಂಬಗಳಿಗಾಗಿಯೇ ಒಂದು ಪತ್ರಿಕೆಯನ್ನೂ ಆರಂಭಿಸಿದ್ದರು. ಬಹುತೇಕ ಕುಟುಂಬಗಳು ಕಾಲಕ್ರಮದಲ್ಲಿ ಈ ಎರಡರ ನಡುವೆ ಎಲ್ಲೋ ನೆಲೆ ನಿಲ್ಲುತ್ತವೆ: ಭಾಷೆ ಮತ್ತು ಗಣಿತಕ್ಕೆ ನಿಗದಿತ ಹೊತ್ತು, ಉಳಿದದ್ದಕ್ಕೆ ಮಗುವಿನ ಆಸಕ್ತಿ. ಗಣಿತಕ್ಕೆ ನಿಗದಿತ ಹೊತ್ತು ಬೇಕೆಂಬುದು ನನ್ನ ಹಟ. ಇತಿಹಾಸದ ಒಂದು ಅಧ್ಯಾಯ ಬಿಟ್ಟುಹೋದರೆ ಮುಂದೆ ಯಾವಾಗ ಬೇಕಾದರೂ ಓದಿಕೊಳ್ಳಬಹುದು. ಭಿನ್ನರಾಶಿ ಬಾರದ ಮಗುವಿಗೆ ಬೀಜಗಣಿತದ ಬಾಗಿಲು ತೆರೆಯುವುದಿಲ್ಲ.

ಮನೆಯಲ್ಲಿ ಕಲಿತ ಮಕ್ಕಳು ಪರೀಕ್ಷೆಗಳಲ್ಲಿ ಶಾಲೆಯ ಮಕ್ಕಳನ್ನು ಮೀರಿಸುತ್ತಾರೆ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಇದನ್ನು ಉತ್ಸಾಹದಿಂದ ಉದ್ಧರಿಸುವ ಮೊದಲು ಆ ಅಂಕಿಗಳು ಎಲ್ಲಿಂದ ಬಂದವೆಂದು ನೋಡಬೇಕು. ಇಂಥ ಅನೇಕ ಸಮೀಕ್ಷೆಗಳಲ್ಲಿ ಭಾಗವಹಿಸಿದವರು ತಾವಾಗಿ ಮುಂದೆ ಬಂದ ಕುಟುಂಬಗಳು. ಮಕ್ಕಳ ಪ್ರಗತಿಯ ಬಗ್ಗೆ ಅಳುಕಿರುವವರು ಸಮೀಕ್ಷೆಗೆ ಬರುವುದು ಅಪರೂಪ. ಜೊತೆಗೆ ಪೋಷಕರ ಓದು, ಆದಾಯ, ಮನೆಯ ಪುಸ್ತಕಗಳು ಮಗುವಿನ ಅಂಕದ ಮೇಲೆ ಬೀರುವ ಪ್ರಭಾವವನ್ನು ಮನೆಶಿಕ್ಷಣದ ಪ್ರಭಾವದಿಂದ ಬೇರ್ಪಡಿಸುವುದು ಸುಲಭವಲ್ಲ. ಅದೇ ಮಕ್ಕಳು ಒಳ್ಳೆಯ ಶಾಲೆಯಲ್ಲಿದ್ದರೂ ಚೆನ್ನಾಗಿಯೇ ಓದುತ್ತಿದ್ದರೇನೋ. 2020ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗಿನ ಅನುಭವವನ್ನು ಮುಂದಿಟ್ಟುಕೊಂಡು ಮನೆಶಿಕ್ಷಣವನ್ನು ತಿರಸ್ಕರಿಸುವುದೂ ಇಷ್ಟೇ ದುರ್ಬಲವಾದ ವಾದ. ಅದು ಪರದೆಯ ಮೂಲಕ ನಡೆದ ಶಾಲೆಯಾಗಿತ್ತು, ಯಾರೂ ಯೋಜಿಸಿ ಆರಿಸಿಕೊಂಡದ್ದಲ್ಲ.

ಮಕ್ಕಳ ಒಡನಾಟದ ಪ್ರಶ್ನೆಯನ್ನು ಮನೆಶಿಕ್ಷಣದ ಸಮರ್ಥಕರು ನಗುತ್ತಲೇ ತಳ್ಳಿಹಾಕುತ್ತಾರೆ, ವಿರೋಧಿಗಳು ಅದನ್ನೇ ಬ್ರಹ್ಮಾಸ್ತ್ರವಾಗಿಸಿಕೊಳ್ಳುತ್ತಾರೆ. ಆಟದ ತಂಡ, ಸಂಗೀತದ ತರಗತಿ, ಗ್ರಂಥಾಲಯ, ಇತರ ಮನೆಶಿಕ್ಷಣ ಕುಟುಂಬಗಳು, ಇವುಗಳ ಮೂಲಕ ಗೆಳೆಯರು ಸಿಗುತ್ತಾರೆ ಎಂಬುದು ಸರಿ. ಆದರೆ ಆ ಗೆಳೆಯರನ್ನು ಬಹುಮಟ್ಟಿಗೆ ಪೋಷಕರೇ ಆರಿಸಿರುತ್ತಾರೆ. ತನಗೆ ಇಷ್ಟವಿಲ್ಲದವರ ಪಕ್ಕದಲ್ಲಿ ವರ್ಷವಿಡೀ ಕೂತು, ಜಗಳವಾಡಿ, ರಾಜಿಯಾಗಿ, ಬೇರೆ ಬಗೆಯ ಮನೆಗಳಿಂದ ಬಂದವರ ನಡೆನುಡಿಯನ್ನು ಹತ್ತಿರದಿಂದ ಕಾಣುವ ಅವಕಾಶ ಶಾಲೆಯಲ್ಲಿ ತಾನಾಗಿಯೇ ಒದಗುತ್ತದೆ. ಮನೆಯಲ್ಲಿ ಅದನ್ನು ಪ್ರಯತ್ನಪಟ್ಟು ಒದಗಿಸಬೇಕು. ಶಾಲೆಯಲ್ಲಿ ಸತತ ಕಿರುಕುಳಕ್ಕೆ ಗುರಿಯಾದ ಮಗುವಿಗೆ ಈ ವಾದ ಹೇಳುವುದು ಕ್ರೌರ್ಯ. ಅಂಥ ಮಗುವಿಗೆ ಮನೆಶಿಕ್ಷಣವು ಒಂದೆರಡು ವರ್ಷಗಳ ಆಶ್ರಯವಾಗಿ ಒದಗಿಬಂದರೆ ಅದೇ ಸಾಕಷ್ಟು ಸಮರ್ಥನೆ.

ಮಾಮೂಲಿ ಶಾಲೆಯ ಪರವಾಗಿ

ಪರ್ಯಾಯಗಳ ಚರ್ಚೆಯಲ್ಲಿ ಶಾಲೆಯನ್ನು ಕಾರ್ಖಾನೆಯೆಂದು ಜರೆಯುವುದು ವಾಡಿಕೆಯಾಗಿದೆ. ಶಾಲೆಯ ಒಂದು ದೊಡ್ಡ ಗುಣ ಈ ಗದ್ದಲದಲ್ಲಿ ಮರೆಯಾಗುತ್ತದೆ: ಅಲ್ಲಿ ಹೆತ್ತವರಲ್ಲದ ದೊಡ್ಡವರು ಮಗುವನ್ನು ದಿನವೂ ನೋಡುತ್ತಾರೆ. ಕಣ್ಣು ಮಂಜಾಗಿದೆ, ಕಿವಿ ಕೇಳಿಸುತ್ತಿಲ್ಲ, ಅಕ್ಷರ ತಿರುಗಾಮುರುಗಾ ಆಗುತ್ತಿದೆ, ಮನೆಯಲ್ಲಿ ಏನೋ ಸರಿಯಿಲ್ಲ ಎಂಬುದನ್ನು ಮೊದಲು ಗುರುತಿಸುವವರು ಅನೇಕ ವೇಳೆ ಶಿಕ್ಷಕರೇ, ಏಕೆಂದರೆ ಅದೇ ವಯಸ್ಸಿನ ಮೂವತ್ತು ಮಕ್ಕಳು ಅವರ ಕಣ್ಣೆದುರಿಗಿರುತ್ತಾರೆ. ಮನೆಯಲ್ಲಿ ಕಲಿಸಲು ನಿರ್ಧರಿಸುವವರು ಈ ಎರಡನೆಯ ಜೋಡಿ ಕಣ್ಣುಗಳನ್ನು ಬೇರೆ ಎಲ್ಲಿಂದಾದರೂ ತರಬೇಕಾಗುತ್ತದೆ: ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ, ಅನುಭವಿ ಶಿಕ್ಷಕರೊಬ್ಬರಿಂದ ನಿಷ್ಪಕ್ಷಪಾತವಾದ ಮೌಲ್ಯಮಾಪನ. ಪ್ರೌಢ ಹಂತದ ಪ್ರಯೋಗಾಲಯ ಮತ್ತು ವಿಷಯ ತಜ್ಞರ ಅನುಕೂಲವನ್ನು ವಿವರಿಸಬೇಕಿಲ್ಲ. ಇಬ್ಬರೂ ಹೊರಗೆ ದುಡಿಯುವ ಮನೆಗಳಲ್ಲಂತೂ ಶಾಲೆಯೊಂದೇ ಕಾರ್ಯಸಾಧ್ಯವಾದ ದಾರಿ. ಅಂಥವರು ತಪ್ಪಿತಸ್ಥ ಭಾವದಿಂದ ಕೊರಗುವ ಬದಲು, ಹೋಂವರ್ಕ್ ಕಡಿಮೆ ಇರುವ ಶಾಲೆ ಹುಡುಕಿ ಸಂಜೆಯ ಹೊತ್ತನ್ನು ಆಟಕ್ಕೆ ಉಳಿಸಿಕೊಟ್ಟರೆ ಮಗುವಿಗೆ ಎರಡೂ ಸಿಗುತ್ತವೆ.

ವಯಸ್ಸಿಗೆ ತಕ್ಕ ಆಯ್ಕೆ

ಮೂರರಿಂದ ಆರರವರೆಗೆ ಮನೆಯೋ ಕೇಂದ್ರವೋ ಎಂಬುದು ಅಷ್ಟು ದೊಡ್ಡ ವಿಷಯವಲ್ಲ. ಆಟ ಇರಬೇಕು, ಮಾತು ಇರಬೇಕು, ಜೊತೆಗೆ ಬೇರೆ ಮಕ್ಕಳಿರಬೇಕು. ಆರರಿಂದ ಎಂಟರವರೆಗಿನ ಕಾಲ ಸೂಕ್ಷ್ಮವಾದದ್ದು. ಓದು ಮತ್ತು ಲೆಕ್ಕಕ್ಕೆ ಇಲ್ಲಿ ಕ್ರಮಬದ್ಧವಾದ ಪಾಠ ಬೇಕು, ಆದರೆ ಆಟವನ್ನು ಥಟ್ಟನೆ ಕಿತ್ತುಕೊಳ್ಳಬಾರದು. ಮನೆಶಿಕ್ಷಣವನ್ನು ಪ್ರಯೋಗಿಸಿ ನೋಡಲು ಇದು ಅನುಕೂಲದ ಕಾಲವೂ ಹೌದು, ಏಕೆಂದರೆ ವಿಷಯಗಳು ಪೋಷಕರ ಅಳವಿನಲ್ಲಿರುತ್ತವೆ ಮತ್ತು ಶಾಲೆಗೆ ಮರಳುವುದು ಸುಲಭ. ಒಂಬತ್ತರಿಂದ ಹನ್ನೆರಡರ ಮಕ್ಕಳಿಗೆ ಮನೆಶಿಕ್ಷಣ ಚೆನ್ನಾಗಿ ಒಗ್ಗುವುದುಂಟು. ಒಂದು ವಿಷಯದ ಹಿಂದೆ ವಾರಗಟ್ಟಲೆ ಬೀಳುವ ವಯಸ್ಸು ಅದು. ಹದಿಮೂರರ ನಂತರ ಎರಡು ಸಂಗತಿಗಳು ಬದಲಾಗುತ್ತವೆ. ವಿಷಯಗಳು ಪೋಷಕರ ತಿಳಿವನ್ನು ಮೀರತೊಡಗುತ್ತವೆ, ಜೊತೆಗೆ ಮಗುವಿಗೆ ತಂದೆತಾಯಿಗಿಂತ ಓರಗೆಯವರು ಮುಖ್ಯರಾಗುತ್ತಾರೆ. ಈ ಹಂತದಲ್ಲಿ ಮಗುವನ್ನು ಕೇಳದೆ ತೆಗೆದುಕೊಂಡ ಯಾವ ನಿರ್ಧಾರವೂ, ಮನೆಯದಾಗಲಿ ಶಾಲೆಯದಾಗಲಿ, ನಿಲ್ಲುವುದಿಲ್ಲ.

ಕಾನೂನು ಮತ್ತು ಮರಳುವ ದಾರಿ

ಇಷ್ಟೆಲ್ಲ ತೂಗಿದ ಮೇಲೂ ಕಾನೂನು ಅಡ್ಡಬಂದರೆ ಲೆಕ್ಕ ಬದಲಾಗುತ್ತದೆ. ಜರ್ಮನಿಯಲ್ಲಿ ಮಕ್ಕಳು ಶಾಲೆಗೆ ಹಾಜರಾಗುವುದು ಕಡ್ಡಾಯ. ಇದನ್ನು ಪ್ರಶ್ನಿಸಿದ ಪೋಷಕರ ಅರ್ಜಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2006ರಲ್ಲಿ ತಳ್ಳಿಹಾಕಿತು. ಸ್ವೀಡನ್ ತನ್ನ 2010ರ ಶಿಕ್ಷಣ ಕಾಯ್ದೆಯಲ್ಲಿ ಅಸಾಧಾರಣ ಸಂದರ್ಭಗಳಿಗಷ್ಟೇ ಅನುಮತಿಯನ್ನು ಸೀಮಿತಗೊಳಿಸಿತು. ಫ್ರಾನ್ಸ್ 2021ರ ಕಾನೂನಿನ ಮೂಲಕ, ತಿಳಿಸಿದರೆ ಸಾಕು ಎಂಬ ಹಳೆಯ ನಿಯಮವನ್ನು ತೆಗೆದು ಮುಂಗಡ ಅನುಮತಿಯನ್ನು ಕಡ್ಡಾಯ ಮಾಡಿತು. ಇದಕ್ಕೆ ವಿರುದ್ಧವಾಗಿ ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆ, ಮಗುವಿಗೆ ತಕ್ಕ ಶಿಕ್ಷಣವನ್ನು ಶಾಲೆಯಲ್ಲಾಗಲಿ ಬೇರೆ ರೀತಿಯಲ್ಲಾಗಲಿ ಒದಗಿಸುವ ಕರ್ತವ್ಯವನ್ನು ಪೋಷಕರಿಗೆ ವಹಿಸುತ್ತದೆ. ಅಮೆರಿಕದ ಎಲ್ಲ 50 ರಾಜ್ಯಗಳಲ್ಲಿಯೂ ಮನೆಶಿಕ್ಷಣ ಕಾನೂನುಬದ್ಧ, ಆದರೆ ಟೆಕ್ಸಾಸ್‌ನಲ್ಲಿ ಯಾರಿಗೂ ತಿಳಿಸುವ ಅಗತ್ಯವೇ ಇಲ್ಲದಿದ್ದರೆ ನ್ಯೂಯಾರ್ಕ್‌ನಲ್ಲಿ ಮೂರು ತಿಂಗಳಿಗೊಮ್ಮೆ ವರದಿ ಸಲ್ಲಿಸಬೇಕು. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಕುರಿತದ್ದು. ಮನೆಶಿಕ್ಷಣವನ್ನು ಅದು ಹೆಸರಿಸುವುದಿಲ್ಲ. ತಾವಿರುವ ಕಡೆಯ ನಿಯಮವನ್ನು ಮೂಲ ಕಾಯ್ದೆಯಲ್ಲಿಯೇ ಓದಿಕೊಳ್ಳಬೇಕು, ಪರಿಚಿತರ ಭರವಸೆಯ ಮಾತು ಸಾಲದು.

ಶಾಲೆಗೆ ಮರಳುವ ದಾರಿಯನ್ನು ಮೊದಲ ದಿನದಿಂದಲೇ ತೆರೆದಿಟ್ಟುಕೊಳ್ಳುವುದು ಜಾಣತನ. ಹಿಂದಿನ ಶಾಲೆಯಿಂದ ವರ್ಗಾವಣೆ ಪತ್ರ ಪಡೆದಿಟ್ಟುಕೊಳ್ಳಬೇಕು. ತಿಂಗಳಿಗೊಮ್ಮೆ ಮಗುವಿನ ಬರವಣಿಗೆ, ಲೆಕ್ಕ, ಚಿತ್ರ, ಓದಿದ ಪುಸ್ತಕಗಳ ಪಟ್ಟಿಯನ್ನು ದಿನಾಂಕ ಹಾಕಿ ಫೈಲಿನಲ್ಲಿ ಸೇರಿಸಬೇಕು. ಅಂಕಪಟ್ಟಿ ಇಲ್ಲದ ಮಗುವನ್ನು ಯಾವ ತರಗತಿಗೆ ಸೇರಿಸಿಕೊಳ್ಳಬೇಕೆಂದು ಮುಖ್ಯ ಶಿಕ್ಷಕರು ಕೇಳಿದಾಗ ಉತ್ತರಿಸುವುದು ಆ ಫೈಲೇ. ಸಾರ್ವಜನಿಕ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ ಕೂರಲು ಇರುವ ವಯೋಮಿತಿ, ನೋಂದಣಿಯ ಗಡುವು, ಪ್ರಾಯೋಗಿಕ ಪರೀಕ್ಷೆಯ ಏರ್ಪಾಡು ಇವನ್ನು ಆ ಪರೀಕ್ಷೆಗೆ ಎರಡು ವರ್ಷ ಮೊದಲೇ ವಿಚಾರಿಸಿಡಬೇಕು, ಏಕೆಂದರೆ ಪ್ರಯೋಗಾಲಯದ ಕೆಲಸಕ್ಕೆ ಅವಕಾಶ ಕೊಡುವ ಕೇಂದ್ರ ಹುಡುಕುವುದೇ ಹಲವು ಕುಟುಂಬಗಳಿಗೆ ಕೊನೆಯ ಗಳಿಗೆಯ ತಲೆನೋವಾಗುತ್ತದೆ. ಆಟದ ಕೇಂದ್ರದಿಂದ ಮಾಮೂಲಿ ಶಾಲೆಗೆ ಹೋಗುವ ಮಗುವಿನ ವಿಷಯ ಇದಕ್ಕಿಂತ ಹಗುರ. ಒಂದೇ ಕಡೆ ಬಹಳ ಹೊತ್ತು ಕೂರುವುದು, ಮಾತಾಡಲು ಸರದಿ ಕಾಯುವುದು, ಹಲಗೆಯಿಂದ ನೋಡಿ ಬರೆಯುವುದು, ಇವುಗಳಿಗೆ ಒಗ್ಗಿಕೊಳ್ಳಲು ಮೊದಲ ಕೆಲವು ತಿಂಗಳು ಬೇಕಾಗಬಹುದೆಂದು ತರಗತಿಯ ಶಿಕ್ಷಕರಿಗೆ ಸೇರಿಸುವಾಗಲೇ ತಿಳಿಸಿಟ್ಟರೆ ಸಾಕು.